ಕುದುರೆಗೆ ಕ್ಷೌರ

ಕ್ಷೌರಿಕ ಮುದ್ದಯ್ಯ ಮಾತು ನಿಲ್ಲಿಸಿದೊಡನೆ ಕುದುರೆ ಹಿಂಗಾಲು ಎತ್ತಿತು. ಕಜ್ಜಿಗೆ ಮುಲಾಮು ಹಚ್ಚಬೇಕು, ಮೊದಲು ಮೈಕೂದಲು ತೆಗೆಸಿ ಎಂದು ನರಸೀಪುರದ ಪಶುವೈದ್ಯರು ಹೇಳಿದ್ದರು. ಮುದ್ದಯ್ಯನಿಗೆ ಕುದುರೆ ಹೊಸದು; ಗಿರಾಕಿಯೊಡನೆ ಹರಟುತ್ತ ಕೆಲಸ ಮಾಡುವುದು ಮಾತ್ರ ಹಳೆಯ ಅಭ್ಯಾಸ.

“ಮಾತು ನಿಲ್ಲುಸ್ಬೇಡ ಕಣ್ಲಾ, ಒದ್ದ್‌ಬುಡ್ತದೆ,” ಎಂದ, ಹಗ್ಗ ಹಿಡಿದಿದ್ದ ಜಟಕಾ ಚಾಮಯ್ಯ.

ಕುತ್ತಿಗೆಯಿಂದ ಬೆನ್ನು ಮುಗಿಯುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಖಾಲಿಯಾಗಿತ್ತು. ಮಷೀನು ಹೊಟ್ಟೆಯ ಕೆಳಗೆ ಬಂದಾಗ ಹೇಳಲು ಒಂದೇ ಸಂಗತಿ ಉಳಿದಿತ್ತು. ಗೊರಸು ಮುದ್ದಯ್ಯನ ಕಿವಿಯ ಪಕ್ಕಕ್ಕೆ ಬಂತು.

“ಪಂಚಾಯ್ತಿ ಎಲೆಕ್ಷನ್ನಲ್ಲಿ ನಮ್ ಚಾಮಯ್ಯೋರು ಒಂದೇ ಓಟಲ್ಲಿ ಸೋತ್ರಲ್ಲ,” ಎಂದು ಅವನು ಕುದುರೆಗೆ ಹೇಳಿದ, “ಅವ್ರ ಎದುರಾಳಿಗೆ ಮುದ್ರೆ ಒತ್ತಿದವ್ನು ನಾನೇ ಕಣಪ್ಪ.”

ಕುದುರೆ ಶಾಂತವಾಗಿ ಕಾಲು ಇಳಿಸಿತು. ಚಾಮಯ್ಯ ಹಗ್ಗ ಬಿಟ್ಟ.