ಸುಮಿಗಾಗಿ ಬಿಟ್ಟ ಹಸಿರು ಮುನಿಯಾ

ಮೊಮ್ಮಗಳ ಬರ್ಡ್ ಬುಕ್ಕಿನಲ್ಲಿ ಕೆಂಪು ಮುನಿಯಾ ‘ಲೀಸ್ಟ್ ಕನ್ಸರ್ನ್’, ಪಕ್ಕದ ಹಸಿರು ಮುನಿಯಾ ‘ವಲ್ನರಬಲ್’. ಒಂದಕ್ಕೆ ಚಿಂತೆಯಿಲ್ಲ, ಇನ್ನೊಂದು ಅಪಾಯದಲ್ಲಿದೆ. ಓದುತ್ತಿದ್ದಂತೆ ಚಿಕ್ಕಂದಿನಲ್ಲಿ ಕಂಡ ಹಕ್ಕಿ ಪಂಜರದ ನವಣೆ ಹೊಟ್ಟಿನ ವಾಸನೆ ಮೂಗಿಗೆ ಬಂತು.

ಆಗ ನಾಸಿಕ್‌ನ ನಮ್ಮ ಮನೆಯಲ್ಲಿ ತಂಗಿ ಸುಮಿ ಟೈಫಾಯ್ಡ್ ಜ್ವರದಲ್ಲಿ ಮಲಗಿದ್ದಳು. ಡಾಕ್ಟರ್ ಕೈಚೆಲ್ಲಿದ್ದರು. ಗುಲಬರ್ಗಾದಿಂದ ಬಂದಿದ್ದ ಅಜ್ಜಿ, ರೋಗಿಯ ಕೈ ಮುಟ್ಟಿಸಿ ಹಕ್ಕಿ ಹಾರಿಬಿಟ್ಟರೆ ಜ್ವರವೂ ಹೋಗುತ್ತದೆಂದು ಹಕ್ಕಿ ಮಾರುವವನನ್ನು ಕರೆಸಿದಳು. ಕೆಂಪು ಮುನಿಯಾಗಳನ್ನು ಅವನು ಗೋದಾವರಿ ದಂಡೆಯ ಹುಲ್ಲಿನಲ್ಲೇ ಹಿಡಿದಿದ್ದ. ಹಸಿರಿನವು ದೂರದ ಗುಡ್ಡಗಳಿಂದ ಬಂದವು, ಈಗೀಗ ಸಿಗುವುದೇ ಕಷ್ಟವಂತೆ.

“ಅಪರೂಪದ್ದು ಬಿಟ್ರ ಪುಣ್ಯ ಹೆಚ್ಚು. ಹಸಿರುವೇ ತಗೋ,” ಎಂದಳು ಅಜ್ಜಿ.

“ಒಂದು ಕೆಂಪಂದೂ ಇರ್ಲಿ ಬಿಡ್ರಿ ಅತ್ತಿ,” ಎಂದಳು ಅವ್ವ.

ಎರಡು ಹಸಿರು, ಒಂದು ಕೆಂಪು ಕೊಂಡು ಸುಮಿಯ ಕೈ ಮುಟ್ಟಿಸಿ ತಂದೆವು. ಅಂಗಳದಲ್ಲಿ ಕೈ ಬಿಚ್ಚಿದೊಡನೆ ಕೆಂಪು ಹಕ್ಕಿ ಬುರ್ರೆಂದು ಬೇವಿನ ಮರಕ್ಕೆ ಹಾರಿತು. ಎರಡೂ ಹಸಿರು ಹಕ್ಕಿಗಳು ಕಾದ ಕಲ್ಲಿನ ಮೇಲೆ ಬಿದ್ದವು. ದೂರದಿಂದ ತರುವಾಗ ಹಾರಿಹೋಗದಂತೆ ಅವುಗಳ ರೆಕ್ಕೆಯ ಗರಿಗಳನ್ನು ಕತ್ತರಿಸಿದ್ದರು. ಒಂದಕ್ಕೊಂದು ಮೈ ಒತ್ತಿ ಕುಳಿತವು. ನಾವು ಬಗ್ಗುವಷ್ಟರಲ್ಲಿ ಗೋಡೆಯಿಂದ ಬೆಕ್ಕು ಜಿಗಿದಿತ್ತು.

ಒಳಗಿಂದ ಸುಮಿ ಕೇಳಿದಳು, “ಅಜ್ಜೀ, ಕೆಂಪಂದು ಗಿಡದಾಗ ಕೂಗ್ಲಾಕತ್ತದ. ಹಸಿರುವು ಯಾಕ ಕೇಳ್ಸವಲ್ವು?”

ಕಲ್ಲಿಗಂಟಿದ ಪುಕ್ಕಗಳನ್ನು ಅಜ್ಜಿ ಸೆರಗಿನಿಂದ ಒರೆಸುತ್ತಿದ್ದಳು. “ಭಾಳ ದೂರ ಹೋದ್ವು ನನ್ನವ್ವಾ. ನಿನ್ನ ಜ್ವರ ಹೊತ್ಕೊಂಡು ಹೋದ್ವು.”

“ಹಂಗಾರ ನಾಳಿ ಸಾಲಿಗೆ ಹೋಗ್ತೀನಿ. ಅಕ್ಕಾ, ಪ್ಲೀಸ್, ನನ್ನ ಯೂನಿಫಾರ್ಮ್ ಇಸ್ತ್ರಿ ಮಾಡು.”

ಇಸ್ತ್ರಿ ಮಾಡಿ, ಅವಳಿಗೆ ಕಾಣುವಂತೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಬೇಸಿಗೆ ರಜೆ ಬಂದು ಮುಗಿದು ನಾನು ಮುಂದಿನ ಕ್ಲಾಸಿಗೆ ಹೋದಾಗಲೂ ಅದು ಇಸ್ತ್ರಿ ಮುರಿಯದೆ ಅಲ್ಲೇ ಇತ್ತು.