ಹದಿನೇಳನೇ ನಂಬರಿನ ಚೀಟಿ

ನೀರು ಒಳಹೋಗದ ಎಲ್‌ಇಡಿ ಟಾರ್ಚ್ ತಯಾರಿಸುವ ಕಾರ್ಖಾನೆಯಲ್ಲಿ ಪ್ರತಿ ಡಬ್ಬಿಯೊಳಗೂ ತಪಾಸಣೆ ಮಾಡಿದವರ ನಂಬರಿನ ಚೀಟಿ ಇಡುವುದು ಪದ್ಧತಿ. ಆ ಚೀಟಿ ಹಿಡಿದು ಬಂದವರು ಹೊಗಳಿದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಗೇಟಿನ ಬಳಿ ನಿಂತ ಮುದುಕ, "ಹದಿನೇಳನೇ ನಂಬರು ಯಾರವ್ವ?" ಎಂದಾಗ ತಪಾಸಣೆಯ ಮಾದೇವಿ ಬೈಗುಳಕ್ಕೆ ಸಿದ್ಧಳಾಗಿಯೇ ಮುಂದೆ ಬಂದಳು.

"ನಾನೇ."

ಮುದುಕ ಟವೆಲಿನ ಗಂಟು ಬಿಚ್ಚಿ ಟಾರ್ಚ್ ಕೊಟ್ಟ. "ಇದು ಹತ್ತುತ್ತೆ, ಆರಾಕಿಲ್ಲ. ಆರಿಸ್ಬೇಕಂದ್ರೆ ಸೆಲ್ಲೇ ತೆಗೀಬೇಕು. ನನ್ ಮಗ ದಿನಾ ನಿಮ್ಮನ್ನ ಬಯ್ಯೋನು."

ಅವಳು ಬಿಚ್ಚಿ ನೋಡಿದಳು. ಸ್ವಿಚ್ಚಿನ ಎರಡೂ ತುದಿಗಳನ್ನು ಬೆಸುಗೆಯ ಹನಿಯೊಂದು ಕೂಡಿಸಿಬಿಟ್ಟಿತ್ತು. ತಿಂಗಳ ಕೊನೆಯ ಅವಸರದಲ್ಲಿ ಅವಳು ಟಾರ್ಚ್ ಹತ್ತುತ್ತದೆಯೇ ಎಂದಷ್ಟೇ ನೋಡಿದ್ದಳು; ಆರುತ್ತದೆಯೇ ಎಂದು ನೋಡಿರಲಿಲ್ಲ.

"ತಪ್ಪಾಯ್ತು ತಾತ. ಹೊಸದು ಕೊಡಿಸ್ತೀನಿ. ನಿಮ್ಮ ಮಗನನ್ನೂ ಕರ್ಕೊಂಡು ಬನ್ನಿ, ಎದುರಿಗೇ ಬಯ್ಯಲಿ."

ಮುದುಕ ಟಾರ್ಚನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮತ್ತೆ ಟವೆಲಿನಲ್ಲಿ ಸುತ್ತಿದ.

"ಬ್ಯಾಡ ಕಣವ್ವ. ಸರಿ ಮಾಡಿಸ್ಕೊಳಾಕೆ ಬರ್ನಿಲ್ಲ, ನಿನಗೆ ಕೈ ಮುಗಿಯಾನ ಅಂತ ಬಂದೆ."

"ನನಗ್ಯಾಕೆ?"

"ರಾತ್ರಿ ಮೀನಿಗೆ ಹೋದ ಮಗ ಇದನ್ನ ಕೈಗೆ ಕಟ್ಕೊಂಡಿದ್ದ. ಹಿನ್ನೀರಲ್ಲಿ ಹರಿಗೋಲು ಮಗುಚ್ದಾಗ ಆಗ್ಲೇ ಬೆಳಗಾಗಿತ್ತು; ಒಳ್ಳೇ ಟಾರ್ಚಾಗಿದ್ರೆ ಆರಿಸಿರೋನು. ಈಜುಗಾರರು ಎರಡು ದಿನ ಹುಡುಕಿ ಕೈಚೆಲ್ಲಿದ್ರು. ಆ ಸಂಜೆ ಕತ್ತಲಾದ್ಮ್ಯಾಲೆ ನೀರಿನ ತಳದಲ್ಲಿ ಬೆಳಕು ಕಾಣ್ತು ನೋಡವ್ವ, ಅದರಿಂದ್ಲೇ ಮಗನ್ನ ಮಣ್ಣು ಮಾಡಾಕಾಯ್ತು."