ಮೂಲೆ ಕತ್ತರಿಸಿದ ಪೊಟ್ಟಣ

ಕಣ್ಣು ಕಾಣದ ತಾತನ ಬೆರಳು ಮಾತ್ರೆ ಪೊಟ್ಟಣದ ನಾಲ್ಕು ಮೂಲೆಗಳನ್ನೂ ತಡವಿ, ಮತ್ತೆ ಮೊದಲ ಮೂಲೆಗೇ ಬಂತು. "ಕಾಂಪೌಂಡರಮ್ಮಾ, ಇದು ಬೆಳಗಿಂದೋ, ರಾತ್ರೀದೋ? ಮೂಲೇನೇ ಕತ್ತರಿಸಿಲ್ವಲ್ಲ!"

ಬೆಳಗಿನದಕ್ಕೆ ಒಂದು ಮೂಲೆ, ರಾತ್ರಿಯದಕ್ಕೆ ಎರಡು. ಊರ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಾಂಪೌಂಡರಮ್ಮ ಇಪ್ಪತ್ತು ವರ್ಷದಿಂದ ಹಾಗೆ ಕತ್ತರಿಸಿಯೇ ಕೊಡುತ್ತಿದ್ದಳು. ಎರಡು ವಾರದ ಸೇವೆಗೆಂದು ವಿಮಾನದಲ್ಲಿ ಬಂದಿಳಿದ ಫಾರ್ಮಸಿ ವಿದ್ಯಾರ್ಥಿಗಳು ಅವಳು ಕತ್ತರಿಸಿಟ್ಟಿದ್ದವನ್ನೆಲ್ಲ ಹರಕು ಪೊಟ್ಟಣವೆಂದು ಕಸದ ಬುಟ್ಟಿಗೆ ಸುರಿದು, ಸೂರ್ಯ ಚಂದ್ರರ ಚಿತ್ರವಿದ್ದ ಹೊಸ ಪೊಟ್ಟಣಗಳನ್ನು ಜೋಡಿಸಿಟ್ಟಿದ್ದರು. ಕುರುಡನಿಗೆ ಕನ್ನಡಿ ಹಿಡಿದ ಹಾಗೆ!

ಕಾಂಪೌಂಡರಮ್ಮ ತಾತನ ಕೈಲಿದ್ದ ಸೂರ್ಯನ ಪೊಟ್ಟಣದ ಒಂದು ಮೂಲೆಯನ್ನು ಕಚಕ್ಕನೆ ಕತ್ತರಿಸಿದಳು. ತಾತ ಮುಟ್ಟಿ ನೋಡಿ ನಕ್ಕ. ವಿದ್ಯಾರ್ಥಿಗಳ ನಾಯಕಿ ಹತ್ತಿರ ಬಂದು ಕತ್ತರಿಸಿದ ಮೂಲೆಯನ್ನು ಬಗ್ಗಿ ನೋಡಿದಳು. ಸದ್ಯ, ಏನೋ ಕಲಿಯಿತು ಹುಡುಗಿ ಎನ್ನುವಷ್ಟರಲ್ಲಿ ಅವಳ ಮೊಬೈಲ್ ಮೇಲೆದ್ದಿತು.

"ಆಂಟಿ, ಕತ್ತರಿ ಸ್ವಲ್ಪ ಮೇಲೆ ಹಿಡೀರಿ. ನಮ್ಮ ತಂಡ ಕಂಡುಹಿಡಿದ ಹೊಸ ವಿಧಾನ ಅಂತ ವರದಿಗೆ ಹಾಕ್ತೀವಿ." ಅದೂ ಸಾಲದೆಂಬಂತೆ, ಔಷಧಿ ಕೊಡುವುದರಲ್ಲಿ ತಮ್ಮ ತಂಡದಿಂದ ತರಬೇತಿ ಪಡೆದಿದ್ದಾರೆಂಬ ಪ್ರಮಾಣಪತ್ರವನ್ನೂ ಕಾಂಪೌಂಡರಮ್ಮನ ಕೈಗಿತ್ತಳು.

ಕಾಂಪೌಂಡರಮ್ಮ ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಒಳ್ಳೆ ದಪ್ಪ ಕಾಗದ. ಎಲ್ಲರ ಎದುರಿಗೇ ಅದನ್ನು ಮಡಿಚಿ ಪೊಟ್ಟಣ ಮಾಡಿದಳು, ರಾತ್ರಿಯ ಮಾತ್ರೆ ತುಂಬಿದಳು, ಎರಡು ಮೂಲೆ ಕತ್ತರಿಸಿ ತಾತನ ಕೈಗಿಟ್ಟಳು.

"ಮೇಲೆ ಬರೆದಿರೋದು ಲೆಕ್ಕಕ್ಕಿಲ್ಲ ತಾತ. ನೀನು ಮೂಲೆ ಮುಟ್ಟಿ ನೋಡ್ಕೋ."